ಸ್ಟಾಪ್‌ವಾಚು ಮತ್ತು ಟೆನಿಸ್ ಪ್ರತಿಭೆ

ಕೇರಳದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಇಲ್ಲಿನ ಕ್ರೀಡೆಯೆಂದೊಡನೆ ನೆನಪಾಗುವ ಹೆಸರು ಪಿ. ಟಿ. ಉಷಾ ಅವರದು. 1976ರಲ್ಲಿ ಕಣ್ಣೂರಿನಲ್ಲಿ ತೆರೆದ ಹುಡುಗಿಯರ ಕ್ರೀಡಾ ವಿಭಾಗದ ಮೊದಲ ತಂಡದಲ್ಲಿ ಅವರಿದ್ದರು. ಓಟದ ಪ್ರತಿಭೆಯನ್ನು ಗುರುತಿಸಲು ಸ್ಟಾಪ್‌ವಾಚು ಬಹುಮಟ್ಟಿಗೆ ಸಾಕು. ಅಲ್ಲಿ ಪರೀಕ್ಷೆಯೇ ಆಟ. ಟೆನಿಸ್ ಹಾಗಲ್ಲ. ಆದರೂ ಮಕ್ಕಳ ಆಯ್ಕೆಯೆಂದರೆ ಓಟ, ನಿಂತಲ್ಲಿಂದ ಉದ್ದಜಿಗಿತ, ಷಟಲ್ ಓಟ, ಎತ್ತರ, ತೂಕ ಎಂಬ ಒಂದೇ ಪಟ್ಟಿ ನಮ್ಮ ಮನಸ್ಸಿನಲ್ಲಿ ಕುಳಿತಿದೆ.

ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್. ನಡುವೆ ನಿಂತ ಆಟಗಾರ ಪಕ್ಕದ ಗೆರೆ ಮುಟ್ಟಲು ನಾಲ್ಕು ಮೀಟರಿಗಿಂತ ತುಸು ಹೆಚ್ಚು ಓಡಿದರೆ ಸಾಕು. ಆದ್ದರಿಂದ ಮೂವತ್ತು ಮೀಟರ್ ಓಟದ ಒಟ್ಟು ವೇಳೆಗಿಂತ ಮೊದಲ ಮೂರು ಹೆಜ್ಜೆ, ನಿಲ್ಲುವುದು, ತಿರುಗುವುದು ಮುಖ್ಯ. ಜರ್ಮನಿಯ ಕಿರಿಯ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ ಶ್ರೇಯಾಂಕದೊಡನೆ ಹೆಚ್ಚು ಹೊಂದಿಕೊಂಡದ್ದು ಸರ್ವ್‌ನ ವೇಗ. ಅದರ ಹಿಂದೆ ಮೆಡಿಸಿನ್ ಬಾಲ್ ಎಸೆತ. ಅಳತೆ ನಿರರ್ಥಕವಲ್ಲ, ಯಾವುದನ್ನು ಅಳೆಯುತ್ತೇವೆ ಎಂಬುದೇ ಪ್ರಶ್ನೆ.

ಇನ್ನೊಂದು ತೊಡಕು ವಯಸ್ಸಿನದು. ಹನ್ನೆರಡರ ಇಬ್ಬರು ಮಕ್ಕಳಲ್ಲಿ ಒಬ್ಬರ ದೇಹ ಆಗಲೇ ಬಲಿತಿರಬಹುದು, ಇನ್ನೊಬ್ಬರದು ಎರಡು ವರ್ಷ ಹಿಂದಿರಬಹುದು. ಅಂದಿನ ಪರೀಕ್ಷೆಯಲ್ಲಿ ಗೆಲ್ಲುವುದು ಬೇಗ ಬೆಳೆದ ದೇಹ; ಅದನ್ನೇ ನಾವು ಪ್ರತಿಭೆಯೆಂದು ಬರೆದುಕೊಳ್ಳುತ್ತೇವೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಟೆನಿಸ್ ಆರಂಭಿಸಿದ್ದೇ ಹನ್ನೊಂದನೆಯ ವಯಸ್ಸಿನಲ್ಲಿ. 2024ರಲ್ಲಿ, 43ರ ಹರೆಯದಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ವಿಶ್ವದ ಮೊದಲ ಶ್ರೇಯಾಂಕಕ್ಕೇರಿದರು. ಮೊಣಕಾಲಿನ ಮೃದ್ವಸ್ಥಿ ಸವೆದ ಮೇಲೂ ಅಯ್ಯಂಗಾರ್ ಯೋಗ ತಮ್ಮನ್ನು ಆಡಿಸಿತೆಂದು ಅವರೇ ಹೇಳಿದ್ದಾರೆ. ಬಾಲ್ಯದ ಯಾವ ಒಂದು ದಿನದ ಪರೀಕ್ಷೆ ಈ ತಾಳ್ಮೆಯನ್ನು ಅಂಕಪಟ್ಟಿಯಲ್ಲಿ ತೋರಿಸೀತು?

ಹಾಗೆಂದು ಪರೀಕ್ಷೆಗಳನ್ನೇ ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಪರೀಕ್ಷೆಯಿಲ್ಲದಿದ್ದರೆ ಆಯ್ಕೆ ಮಾಡುವುದು ತಂದೆತಾಯಿಯ ಹಣದ ಚೀಲ. ರ್ಯಾಕೆಟ್, ಅಂಕಣದ ಬಾಡಿಗೆ, ತರಬೇತಿಯ ಶುಲ್ಕ, ಪಂದ್ಯಗಳಿಗಾಗಿ ಊರೂರು ಪ್ರಯಾಣ: ಇವನ್ನು ಭರಿಸಬಲ್ಲ ಮನೆಯ ಮಗು ಮಾತ್ರ ಅಂಕಣದವರೆಗೆ ಬರುತ್ತದೆ. ಮಟ್ಟಾಂಚೇರಿಯ ಓಣಿಯಲ್ಲಿ, ವಿಳಿಂಞದ ಕಡಲತೀರದಲ್ಲಿ ಬೆಳೆಯುವ ಮಗುವಿನ ಭುಜಬಲವನ್ನು ಯಾವ ಕ್ಲಬ್ಬೂ ನೋಡಿಲ್ಲ. ಅಂಥ ಮಗುವಿಗೆ ಅಳತೆಪಟ್ಟಿಯೂ ಮೆಡಿಸಿನ್ ಬಾಲೂ ನ್ಯಾಯ ಒದಗಿಸಬಲ್ಲವು.

ತಿರುವನಂತಪುರದಲ್ಲಿ ಟೆನಿಸ್ ಕ್ಲಬ್ ಕಟ್ಟಿದ ಜಿ. ವಿ. ರಾಜ ಅವರ ಹೆಸರಿನಲ್ಲಿಯೇ ಅಲ್ಲಿ ಸರ್ಕಾರದ ಕ್ರೀಡಾ ಶಾಲೆಯೂ ಇದೆ. ಕಾರ್ಯವಟ್ಟಂನಲ್ಲಿ 1985ರಿಂದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿದೆ. ಅಳೆಯಬಲ್ಲವರಿಗೆ ಕೊರತೆಯಿಲ್ಲ. ಪರೀಕ್ಷೆಯನ್ನು ತಿರುವನಂತಪುರ ಮತ್ತು ಕೊಚ್ಚಿಯ ಸರ್ಕಾರಿ ಶಾಲೆಗಳಿಗೆ ಒಯ್ಯಬೇಕು. ಆರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಅದೇ ಮಕ್ಕಳನ್ನು ಅಳೆಯಬೇಕು. ಎತ್ತರದ ಏರಿಕೆಯನ್ನೂ ಬರೆದಿಡಬೇಕು. ನಡುವೆ ಕೈಗೆ ರ್ಯಾಕೆಟ್ ಕೊಟ್ಟು, ಬರುವ ಚೆಂಡನ್ನು ಮಗು ಹೇಗೆ ಓದುತ್ತದೆ, ಸೋತ ಮೇಲೆ ಮರುದಿನ ಬರುತ್ತದೆಯೇ ಎಂಬುದನ್ನು ತರಬೇತುದಾರರು ಗಮನಿಸಬೇಕು.

ಮೊದಲ ದಿನದ ಅಂಕ ಮಗುವನ್ನು ಒಳಗೆ ಕರೆಯಲು ಬಳಕೆಯಾಗಲಿ, ಹೊರಗೆ ಕಳುಹಿಸಲು ಬೇಡ. ಹನ್ನೊಂದರಲ್ಲಿ ‘ನಿನ್ನಿಂದಾಗದು’ ಎಂದು ಕೇಳಿಸಿಕೊಂಡ ಮಗು ಹದಿನಾಲ್ಕರಲ್ಲಿ ಎತ್ತರವಾದ ಮೇಲೆ ನಮ್ಮನ್ನು ಹುಡುಕಿಕೊಂಡು ಮರಳಿ ಬರುವುದಿಲ್ಲ.