ಹುರಿದರೆ ಅಧ್ಯಾಯವೇ ಬೇರೆ!



ಪಾವಗಡದ ನನ್ನ ತಂಗಿ ಮೊನ್ನೆ ಮಧುಗಿರಿಗೆ ಬಂದವಳು, "ಅಕ್ಕಾ, ಮಗಳು ಪರೀಕ್ಷೆಯಲ್ಲಿ ಫೇಲಾದಳು. ಓದಿದ್ದು ಸಾಕು, ಮದುವೆ ಮಾಡೋಣ ಅಂತಾರೆ ಇವರು" ಎಂದು ಕಣ್ಣೊರೆಸಿಕೊಂಡಳು.

ಹುಡುಗಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್ ಒಬ್ಬರ ಬಳಿ ಜಿ ಕಾರ್ಡ್ ಪಡೆದು ಎರಡು ವರ್ಷ ದುಡಿದವಳು. ಪರದೇಶಕ್ಕೆ ಹೋಗುವ, ಅಲ್ಲಿಂದ ಬರುವ ಸರಕಿನ ಕಾಗದಪತ್ರವನ್ನು ಸುಂಕದ ಕಚೇರಿಯಲ್ಲಿ ನೋಡಿಕೊಳ್ಳುವ ಕೆಲಸ. ಸ್ವಂತ ಲೈಸೆನ್ಸಿಗೆ 2018ರ ನಿಯಮದಂತೆ ಲಿಖಿತ ಪರೀಕ್ಷೆ, ಆಮೇಲೆ ಮೌಖಿಕ. ಲಿಖಿತದಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೀತಾರೆ. ಗೊತ್ತಿಲ್ಲದ್ದಕ್ಕೂ ಗುರುತು ಹಾಕಿ ಕೆಟ್ಟಳು, ಅಷ್ಟೆ.

"ಅದೇನೇ ಅಷ್ಟು ಕಷ್ಟ?" ಅಂದೆ. "ದೊಡ್ಡಮ್ಮಾ, ನಮ್ಮ ಕಡಲೆಕಾಯಿನೇ ನೋಡಿ. ಸಿಪ್ಪೆ ಇದ್ದರೆ 120241, ಸುಲಿದರೆ 120242. ಹುರಿದರೆ 12ನೇ ಅಧ್ಯಾಯ ಬಿಟ್ಟು 20ಕ್ಕೆ ಹೋಗುತ್ತೆ! ಒಣ ಹುಣಸೆ 8ರಲ್ಲಿ. ಸಂಖ್ಯೆ ತಪ್ಪಿದರೆ ಸುಂಕವೇ ತಪ್ಪುತ್ತೆ" ಅಂದಳು. ಎಸ್ಸೆಸ್ಸೆಲ್ಸಿ ಓದಿದ ನನಗೂ ಅರ್ಥವಾಯಿತು. ಯಾವ ಸಾಮಾನು ಯಾವ ಡಬ್ಬಿಗೆ ಅನ್ನೋದು ನಮಗೆ ಹೊಸದೇ?

ತಂಗಿಗೆ ಹೇಳಿದೆ: "ಗಂಡು ಮುಂದಿನ ವರ್ಷವೂ ಸಿಗ್ತಾನೆ. ಓದಿನ ಬಿಸಿ ಆರಿದರೆ ಮತ್ತೆ ಹತ್ತಿಸೋದು ಕಷ್ಟ. ಇನ್ನೊಂದು ಸಲ ಕೂರಲಿ."

ಅವಳ ಯಜಮಾನರು ಇನ್ನೂ ಒಪ್ಪಿಲ್ಲ. ಭಾನುವಾರ ಊಟಕ್ಕೆ ಕರೆದಿದ್ದೇನೆ. ಹುರಿದ ಕಡಲೆಕಾಯಿ ಮುಂದಿಟ್ಟುಕೊಂಡೇ ಮಾತು ತೆಗೀತೀನಿ!