ಗಿಟಾರೂ ಅದರ ನಕಲು ಪೆಟ್ಟಿಗೆಯೂ

ಮನೆಯಲ್ಲಿ ಕುಳಿತು ಗಿಟಾರನ್ನು ಧ್ವನಿಮುದ್ರಿಸಬೇಕೆನ್ನುವ ಮಿತ್ರರು ನಮ್ಮ ಕಾಲೇಜಿನಲ್ಲಿ ಈಗ ಒಬ್ಬರಲ್ಲ, ಇಬ್ಬರಲ್ಲ. ಅವರು ನಾಲ್ವರು ಕೂಡಿದಲ್ಲಿ ಚರ್ಚೆ ಹುಟ್ಟುವುದು ಹಾಡಿನ ಮೇಲಲ್ಲ, ರಾಗದ ಮೇಲಲ್ಲ; ‘ಯಾವ ಮಾಡೆಲರ್ ಕೊಳ್ಳೋಣ?’ ಎಂಬ ಒಂದೇ ಪ್ರಶ್ನೆಯ ಮೇಲೆ. ಈ ಪ್ರಶ್ನೆಗೆ ಅಂಗಡಿಯವರಲ್ಲಿ ಒಂದು ಉತ್ತರವಿದೆ, ಜಾಹೀರಾತಿನಲ್ಲಿ ಇನ್ನೊಂದಿದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಂದು ಸಾಧಾರಣ ಕಂಪ್ಯೂಟರ್ ಇದ್ದವನು ಮಾಡೆಲರ್ ಪೆಟ್ಟಿಗೆಗಾಗಿ ಸದ್ಯಕ್ಕೆ ಒಂದು ಕಾಸನ್ನೂ ವೆಚ್ಚ ಮಾಡಬೇಕಾದ್ದಿಲ್ಲ. ಮಾಡಲೇಬೇಕೆಂದಿದ್ದರೆ ಮಿಕ್ಕೆಲ್ಲವೂ ಆದ ಮೇಲೆ ಕಟ್ಟಕಡೆಗೆ ಮಾಡತಕ್ಕದ್ದು. ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆಂದು ಬಲ್ಲೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾಡೆಲರ್ ಎಂದರೇನೆಂದು ಕೇಳುವ ವಾಚಕರಿಗೆ ಎರಡು ಮಾತು ಹೇಳಬೇಕು. ವೀಣೆಗೆ ಕೊಡವಿದೆ, ವಿದ್ಯುತ್ ಗಿಟಾರಿಗೆ ಅಂಥದೇನೂ ಇಲ್ಲ, ಸಾಮಾನ್ಯವಾಗಿ ಅದರದು ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ, ಅಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಪಿಕಪ್ ಎಂಬುದೊಂದಿರುತ್ತದೆ. ತಂತಿಯ ಕಂಪನವನ್ನು ಅದು ಅತಿ ಕ್ಷೀಣವಾದ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತು ಆಂಪ್ಲಿಫೈಯರನ್ನು ಹೊಕ್ಕು ಸ್ಪೀಕರಿನಿಂದ ಹೊರಬಿದ್ದಾಗಲೇ ನಮಗೆ ಪರಿಚಿತವಾದ ನಾದ. ಎಂದಮೇಲೆ ಆಂಪ್ಲಿಫೈಯರು ಈ ವಾದ್ಯದ ಪಕ್ಕದಲ್ಲಿಡುವ ಸಲಕರಣೆಯಲ್ಲ, ಅದರ ಅರ್ಧ ಶರೀರ. ಹಳೆಯ ವಾಲ್ವು ಆಂಪ್ಲಿಫೈಯರುಗಳು ಭಾರ, ದುಬಾರಿ. ಅದಕ್ಕಿಂತ ಹೆಚ್ಚಾಗಿ, ಅವುಗಳ ಹೆಸರಾಂತ ಗುಣ ಹೊರಬರುವುದು ಕಿವಿ ಗಡಚಿಕ್ಕುವಂತೆ ನುಡಿಸಿದಾಗ. ಒಂದೇ ಗೋಡೆಯನ್ನು ಎರಡು ಮನೆಗಳು ಹಂಚಿಕೊಂಡಿರುವ ನಮ್ಮ ಬೀದಿಗಳಲ್ಲಿ ಅದು ನಡೆಯುವ ಮಾತಲ್ಲ. ಡಿಜಿಟಲ್ ಮಾಡೆಲರ್ ಈ ತೊಡಕನ್ನು ಬಿಡಿಸುತ್ತದೆ. ಗಿಟಾರಿನಿಂದ ಬಂದ ವಿದ್ಯುತ್ತನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆದು ಅಂಕಿಗಳನ್ನಾಗಿ ಮಾಡಿ, ಈ ಅಂಕಿಗಳು ಇಂಥ ಆಂಪ್ಲಿಫೈಯರಿನೊಳಗೆ ಹೋಗಿದ್ದರೆ ಏನಾಗಿ ಹೊರಬರುತ್ತಿದ್ದವೆಂದು ಲೆಕ್ಕ ಹಾಕಿ ನಮ್ಮ ಹೆಡ್‌ಫೋನಿಗೆ ಕೊಡುತ್ತದೆ. ಪಕ್ಕದ ಮನೆಯವರಿಗೆ ಕೇಳುವುದು ತಂತಿಯ ಟಿಣ್ ಟಿಣ್ ಸದ್ದು ಮಾತ್ರ.

‘ಹಾಗಾದರೆ ಇದು ಬರಿಯ ನಕಲಲ್ಲವೇನಪ್ಪ?’ ಎಂದು ನಮ್ಮ ಗುರುಗಳಲ್ಲಿ ಕೆಲವರು ಕೇಳುವುದುಂಟು. ನಕಲೇ ಸರಿ. ಆದರೆ ಅಸಲು ಯಾವುದೆಂದು ಹುಡುಕಹೊರಟರೆ ವಿನೋದವಾದ ಸಂಗತಿಗಳು ಕಾಣುತ್ತವೆ. ಇಂದು ಪ್ರತಿಯೊಂದು ಮಾಡೆಲರೂ ಭಕ್ತಿಯಿಂದ ಅನುಕರಿಸುವ ಮಾರ್ಷಲ್ ಆಂಪ್ಲಿಫೈಯರು ೧೯೬೨ರಲ್ಲಿ ಲಂಡನ್ನಿನ ಒಂದು ವಾದ್ಯದಂಗಡಿಯಲ್ಲಿ ಹುಟ್ಟಿತು. ಅದು ಅಮೆರಿಕದ ಫೆಂಡರ್ ಬಾಸ್‌ಮನ್ ಎಂಬ ಆಂಪ್ಲಿಫೈಯರಿನ ವಿದ್ಯುನ್ಮಂಡಲವನ್ನು ಬಹುಮಟ್ಟಿಗೆ ಹಾಗೆಯೇ ಅನುಸರಿಸಿದ್ದು. ಇನ್ನು ಆ ‘ಒರಟು’ ನಾದದ ಕಥೆ. ವಾಲ್ವು ತನ್ನ ಶಕ್ತಿಗೆ ಮೀರಿದ್ದನ್ನು ಹೊರಲಾರದೆ ಅಲೆಯ ತುದಿಯನ್ನು ಚಪ್ಪಟೆ ಮಾಡಿಬಿಡುವುದು ಎಂಜಿನಿಯರರ ದೃಷ್ಟಿಯಲ್ಲಿ ಶುದ್ಧ ದೋಷ. ಆ ದೋಷವನ್ನೇ ನುಡಿಸುವವರು ಗುಣವೆಂದು ಹಿಡಿದರು. ಕಿಂಕ್ಸ್ ತಂಡದ ಡೇವ್ ಡೇವಿಸ್ ೧೯೬೪ರಲ್ಲಿ ಹೊರಬಂದ ಹಾಡೊಂದಕ್ಕಾಗಿ ತಮ್ಮ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದರು. ೧೯೬೬ರಲ್ಲಿ ಎರಿಕ್ ಕ್ಲಾಪ್ಟನ್ ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ಜಾನ್ ಮೇಯಲ್ ಅವರ ತಂಡದೊಡನೆ ನುಡಿಸುವಾಗ ಮಾರ್ಷಲ್ ಆಂಪ್ಲಿಫೈಯರನ್ನು ಅಂದಿನ ವಾಡಿಕೆಗೆ ಮೀರಿದಷ್ಟು ಗಟ್ಟಿಯಾಗಿಟ್ಟುಕೊಂಡಿದ್ದರು. ಆ ಧ್ವನಿಮುದ್ರಿಕೆಯೇ ಮುಂದಿನವರಿಗೆ ಮಾದರಿಯಾಯಿತು. ದೋಷ ಗುಣವಾಗಿ, ನಕಲು ಅಸಲಾಗಿ ಬೆಳೆದುಬಂದ ವಾದ್ಯದಲ್ಲಿ ಮತ್ತೊಂದು ನಕಲು ಬಂದಿತೆಂದು ಮೂಗು ಮುರಿಯಲು ನನಗಂತೂ ಕಾರಣ ಕಾಣದು. ನಮ್ಮಲ್ಲಿಯೇ ನೋಡಿ: ಬೆಂಗಳೂರಿನ ಜಿ. ರಾಜನಾರಾಯಣ್ ಅವರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ತಂಬೂರಿ ಮೀಟುವವರು ಸಿಕ್ಕದ ಮನೆಗಳಲ್ಲಿ ಇಂದು ಎಷ್ಟು ಮಕ್ಕಳ ಸಾಧನೆ ಆ ಪೆಟ್ಟಿಗೆಯಿಂದ ನಡೆಯುತ್ತಿದೆ! ತಂಬೂರಿಯ ಮುಂದೆ ಅದು ಸಪ್ಪೆ ಎನ್ನುವವರೂ ಅದನ್ನು ಮನೆಯಿಂದ ಹೊರಗೆ ಹಾಕಿಲ್ಲ.

ಆದುದರಿಂದ ನನ್ನ ತಕರಾರು ಮಾಡೆಲರಿನ ಮೇಲಲ್ಲ, ಅದನ್ನು ಕೊಳ್ಳುವ ರೀತಿಯ ಮೇಲೆ. ೧೯೯೮ರಲ್ಲಿ ಲೈನ್ ೬ ಸಂಸ್ಥೆಯ ‘ಪಾಡ್’ ಎಂಬ, ಕೆಂಪು ಹುರುಳಿಕಾಯಿ ಬೀಜದ ಆಕಾರದ ಪುಟ್ಟ ಪೆಟ್ಟಿಗೆ ಬಂದಾಗ ಈ ಯುಗ ಜನಸಾಮಾನ್ಯರಿಗೆ ತೆರೆಯಿತೆನ್ನಬಹುದು. ೨೦೦೬ರಲ್ಲಿ ಆಕ್ಸ್-ಎಫ್‌ಎಕ್ಸ್, ೨೦೧೧ರಲ್ಲಿ ಜರ್ಮನಿಯ ಕೆಂಪರ್, ೨೦೧೫ರಲ್ಲಿ ಹೀಲಿಕ್ಸ್ ಬಂದವು. ಇವುಗಳ ಕೆಲಸದ ಬಗೆ ಸ್ಥೂಲವಾಗಿ ಎರಡು. ಮೊದಲನೆಯದರಲ್ಲಿ ಆಂಪ್ಲಿಫೈಯರಿನ ಒಳಗಿರುವ ಒಂದೊಂದು ವಾಲ್ವು, ಒಂದೊಂದು ಕಂಡೆನ್ಸರಿನ ವರ್ತನೆಯನ್ನು ಸಮೀಕರಣಗಳಾಗಿ ಬರೆಯುತ್ತಾರೆ. ಆಗ ಗುಂಡಿಗಳನ್ನು ತಿರುಗಿಸಿದರೆ ಅಸಲಿನಂತೆಯೇ ನಾದ ಬದಲಾಗುತ್ತದೆ. ಎರಡನೆಯದರಲ್ಲಿ ಒಳಗೇನಿದೆ ಎಂದು ಕೇಳುವುದೇ ಇಲ್ಲ. ಗೊತ್ತಾದ ಒಂದು ಧ್ವನಿಯನ್ನು ಒಳಗೆ ಕಳುಹಿಸಿ, ಹೊರಬಂದದ್ದನ್ನು ಅದರೊಡನೆ ಹೋಲಿಸಿ, ಇವೆರಡರ ಸಂಬಂಧವನ್ನು ಕಂಪ್ಯೂಟರಿಗೆ ಕಲಿಸುತ್ತಾರೆ. ಇದಕ್ಕೆ ಸೆರೆಹಿಡಿಯುವುದೆಂದು ಹೆಸರು. ಸೆರೆ ಸಿಕ್ಕುವುದು ಸಾಮಾನ್ಯವಾಗಿ ಗುಂಡಿಗಳ ಒಂದು ನಿಲುವು ಮಾತ್ರ. ಭಾವಚಿತ್ರದಂತೆ, ನಕ್ಕಿದ್ದರೆ ನಕ್ಕೇ ಇರುತ್ತದೆ. (ಇದನ್ನೆಲ್ಲ ಬಿ.ಎಸ್‌ಸಿ. ಮಿತ್ರರು ಬರೆಯಬೇಕಿತ್ತು. ಸಂಪಾದಕರು ಕೇಳಿದಾಗ ಅವರು ಪರೀಕ್ಷೆ ಇದೆ ಎಂದರು.)

ಈ ಎರಡನೆಯ ಬಗೆ ಈಗ ಹಣವಿಲ್ಲದೆಯೇ ದೊರೆಯುತ್ತಿದೆ. ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಪೂರ್ತಿ ಉಚಿತ. ಅದರ ಒಳಗಿನ ಬರವಣಿಗೆಯೂ ಎಲ್ಲರಿಗೂ ತೆರೆದದ್ದು. ಲೋಕದ ನಾನಾ ಕಡೆಯವರು ತಮ್ಮ ತಮ್ಮ ಆಂಪ್ಲಿಫೈಯರುಗಳನ್ನು ಸೆರೆಹಿಡಿದು ಅದಕ್ಕಾಗಿ ಬಿಟ್ಟಿಯಾಗಿ ಹಂಚಿದ್ದಾರೆ. ಲಕ್ಷ ರೂಪಾಯಿಗೂ ಮೇಲ್ಪಟ್ಟ ಪೆಟ್ಟಿಗೆಯ ನಾದಕ್ಕೂ ಇದರ ನಾದಕ್ಕೂ, ಧ್ವನಿಮುದ್ರಣ ಮುಗಿದ ಮೇಲೆ, ತಬಲವೋ ಕೀಬೋರ್ಡೋ ಗಾಯನವೋ ಕೂಡಿಕೊಂಡ ಹಾಡಿನೊಳಗೆ ಭೇದ ಹೇಳಬಲ್ಲ ಕಿವಿ ನಮ್ಮಲ್ಲಿ ಎಷ್ಟಿವೆ?

ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಕಂಪ್ಯೂಟರಿನಲ್ಲಿ ಮುದ್ರಿಸುವಾಗ ಗಿಟಾರಿನಿಂದ ಬಂದ ಮೂಲಧ್ವನಿಯನ್ನು, ಆಂಪ್ಲಿಫೈಯರಿನ ಸಂಸ್ಕಾರವಾಗುವ ಮೊದಲೇ, ಬೇರೆಯಾಗಿ ಕಾಪಾಡಬಹುದು. ಬಲ್ಲವರು ಇದನ್ನು ಒಣ ಧ್ವನಿಯೆನ್ನುತ್ತಾರೆ. ಅಕ್ಕಿ ಮನೆಯಲ್ಲಿದ್ದರೆ ಇಂದು ಚಿತ್ರಾನ್ನ, ನಾಳೆ ಪೊಂಗಲು; ಪುಳಿಯೋಗರೆ ಕಲಸಿಯಾದ ಮೇಲೆ ಅದನ್ನು ಮರಳಿ ಅಕ್ಕಿ ಮಾಡಲಾಗದು. ಒಣ ಧ್ವನಿ ಇರುವ ತನಕ ಇಂದು ಆರಿಸಿದ ಆಂಪ್ಲಿಫೈಯರನ್ನು ಆರು ತಿಂಗಳ ಮೇಲೆ, ಆರು ವರ್ಷಗಳ ಮೇಲೆ ಬದಲಾಯಿಸಬಹುದು. ಮತ್ತೊಮ್ಮೆ ನುಡಿಸಬೇಕಾದ್ದೇ ಇಲ್ಲ. ಹೀಗಿರುವಾಗ ‘ಯಾವ ಮಾಡೆಲರ್?’ ಎಂಬುದು ಜೀವನದ ಪ್ರಶ್ನೆಯಾಗಬೇಕೆ? ಧ್ವನಿಮುದ್ರಣದ ಎಲ್ಲ ತೀರ್ಮಾನಗಳಲ್ಲಿ ತಿದ್ದಿಕೊಳ್ಳಲು ಅತಿ ಸುಲಭವಾದದ್ದು ಅದೊಂದೇ. ಒಂದು ಎಚ್ಚರಿಕೆ ಮಾತ್ರ ಬೇಕು. ಒಣ ಧ್ವನಿಯನ್ನು ಕೇಳುತ್ತ ನುಡಿಸಬಾರದು. ಒರಟು ನಾದದಲ್ಲಿ ಸ್ವರ ಉದ್ದಕ್ಕೆ ನಿಲ್ಲುತ್ತದೆ, ಬೆರಳು ಅದನ್ನು ನಂಬಿ ನಡೆಯುತ್ತದೆ. ಆದ್ದರಿಂದ ಕಿವಿಗೆ ಸಂಸ್ಕರಿಸಿದ್ದು, ಕಡತಕ್ಕೆ ಒಣಗಿದ್ದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ತರಗತಿಯ ಮಿತ್ರರೊಬ್ಬರು ಇಂಥ ಪೆಟ್ಟಿಗೆಯೊಂದನ್ನು ಹದಿನೆಂಟು ತಿಂಗಳ ಕಂತಿನ ಮೇಲೆ ತರಲು ನಿಶ್ಚಯಿಸಿ, ಮೊದಲ ಹಣಕ್ಕಾಗಿ ತಾಯಿಯ ಬಳೆಯನ್ನು ಒತ್ತೆಯಿಡುವ ಮಾತಾಡುತ್ತಿದ್ದಾರೆ. ಅವರ ಮನೆಯಲ್ಲಿ, ನಮ್ಮ ಮನೆಯಲ್ಲಿಯ ಹಾಗೆಯೇ, ಪದವಿಯ ತನಕ ಬಂದವರು ಅವರೇ ಮೊದಲು. ಕೇಳಿದ್ದಕ್ಕೆ ಇಲ್ಲವೆನ್ನಲು ತಾಯಿಗೆ ಮನಸ್ಸಿಲ್ಲ. ಓದಿದ ಮಗ ಹೇಳಿದನೆಂದರೆ ಅದು ಓದಿಗೆ ಬೇಕಾದದ್ದೇ ಇರಬೇಕೆಂದು ಅವರು ತಿಳಿಯುತ್ತಾರೆ. ಆ ಪೆಟ್ಟಿಗೆಯೊಳಗಿರುವ ನೂರಾರು ಆಂಪ್ಲಿಫೈಯರುಗಳಲ್ಲಿ ಮಿತ್ರರು ಬಳಸುವುದು ಎರಡೋ ಮೂರೋ. ಉಳಿದವಕ್ಕೂ ಕಂತು ಕಟ್ಟಬೇಕು.

ಹಣವನ್ನು ಎಲ್ಲಿ ಹಾಕಬೇಕು? ಮೊದಲನೆಯದು ಇಂಟರ್‌ಫೇಸ್, ಎಂದರೆ ಗಿಟಾರಿನ ವಿದ್ಯುತ್ತನ್ನು ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುವ ಚಿಕ್ಕ ಡಬ್ಬಿ. ಇದು ಕೆಲವು ಸಾವಿರ ರೂಪಾಯಿಗಳಿಗೆ ಸಿಕ್ಕುತ್ತದೆ. ನೋಡಬೇಕಾದದ್ದು ಒಂದೇ: ವಾದ್ಯಕ್ಕೆಂದೇ ಪ್ರತ್ಯೇಕ ದ್ವಾರ ಇದೆಯೇ, ಅದರ ತಡೆ ಒಂದು ಮೆಗಾ ಓಮಿನ ಆಸುಪಾಸು ಇದೆಯೇ ಎಂಬುದು. ಮೈಕಿನ ದ್ವಾರಕ್ಕೋ ಲ್ಯಾಪ್‌ಟಾಪಿನ ತೂತಿಗೋ ಗಿಟಾರನ್ನು ನೇರವಾಗಿ ಸಿಕ್ಕಿಸಿದರೆ ಪಿಕಪ್ಪಿನ ಮೇಲೆ ಹೊರೆ ಬಿದ್ದು ನಾದದ ಮೇಲಂಚೆಲ್ಲ ಮಂಕಾಗುತ್ತದೆ. ಆಮೇಲೆ ಯಾವ ಮಾಡೆಲರೂ ಆ ಹೊಳಪನ್ನು ಮರಳಿ ತರಲಾರದು. ಧ್ವನಿಯ ಮಟ್ಟವನ್ನೂ ತುದಿಗೆ ತಾಗಿಸದೆ ಸ್ವಲ್ಪ ತಗ್ಗಿನಲ್ಲಿಡಬೇಕು. ವಾಲ್ವಿನ ಚಪ್ಪಟೆ ಇಂಪಾಗಿರಬಹುದು, ಅಂಕಿಗಳ ಚಪ್ಪಟೆ ಕರ್ಕಶ.

ಎರಡನೆಯದು, ಯಾರೂ ಜಾಹೀರಾತು ಕೊಡದಿರುವ ವಸ್ತು: ಮನೆಯ ಅರ್ತಿಂಗ್. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಸಲ ತುಯ್ದಾಡುತ್ತದೆ. ಪಿಕಪ್ ಆ ಗುಂಯ್‌ಗುಟ್ಟುವಿಕೆಯನ್ನು ತಂತಿಯ ನಾದದಷ್ಟೇ ಆದರದಿಂದ ಹಿಡಿಯುತ್ತದೆ, ಒರಟು ನಾದದ ಆಂಪ್ಲಿಫೈಯರು ಅದನ್ನು ಹತ್ತು ಪಟ್ಟು ಮಾಡಿ ಒಪ್ಪಿಸುತ್ತದೆ. ಹಳೆಯ ಮನೆಗಳ ಮೂರು ತೂತಿನ ಪ್ಲಗ್ಗಿನಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದು ಅಪರೂಪವಲ್ಲ. ವಿದ್ಯುತ್ ಕೆಲಸದವರನ್ನು ಕರೆಸಿ ಅದನ್ನು ಸರಿಪಡಿಸಿಕೊಳ್ಳುವುದು ಮಾಡೆಲರಿಗಿಂತ ಎಷ್ಟೋ ಅಗ್ಗ, ಪ್ರಾಣಕ್ಕೂ ಕ್ಷೇಮ. ಅಲ್ಲಿಯ ತನಕ ಮುದ್ರಿಸುವಾಗ ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸುವುದು, ಫ್ಯಾನಿನ ರೆಗ್ಯುಲೇಟರನ್ನೂ ಟ್ಯೂಬ್‌ಲೈಟನ್ನೂ ಆರಿಸುವುದು, ಗುಂಯ್‌ಗುಟ್ಟುವುದು ಕಡಮೆಯಾಗುವ ದಿಕ್ಕಿಗೆ ಗಿಟಾರು ಹಿಡಿದು ತಿರುಗಿ ಕೂರುವುದು. ಬೇಸಗೆಯಲ್ಲಿ ಫ್ಯಾನ್ ಆರಿಸಿ ಕೂರುವುದು ತಪಸ್ಸೇ ಸರಿ.

ಹೊಸ ತಂತಿಗಳು, ಒಳ್ಳೆಯ ಹೆಡ್‌ಫೋನು ಇವುಗಳ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ.

ಇನ್ನು ಪೆಟ್ಟಿಗೆಯ ಪಕ್ಷದ ಮಾತು. ಅದಕ್ಕೂ ನ್ಯಾಯವಾದ ಸ್ಥಾನವಿದೆ. ಕಂಪ್ಯೂಟರು ಅಂಕಿಗಳನ್ನು ಕಂತೆಕಂತೆಯಾಗಿ ಎತ್ತಿಕೊಳ್ಳುತ್ತದೆ. ಒಂದು ಕಂತೆಯಲ್ಲಿ ೧೨೮ ಅಂಕಿಗಳಿದ್ದರೆ ಅದು ತುಂಬಲು ಸೆಕೆಂಡಿನ ಸಾವಿರದ ಎರಡೂವರೆ ಭಾಗದಷ್ಟು ಕಾಲ ಬೇಕು. ಹೋಗಿ ಬರುವ ಎಲ್ಲ ವಿಳಂಬವೂ ಕೂಡಿ ಹತ್ತು ಭಾಗಗಳಾದರೆ, ಸುಮಾರು ಮೂರೂವರೆ ಮೀಟರು ದೂರದಲ್ಲಿಟ್ಟ ಸ್ಪೀಕರನ್ನು ಕೇಳುತ್ತ ನುಡಿಸಿದಂತೆ. ಅಷ್ಟನ್ನು ಸಹಿಸಬಹುದು. ಹಳೆಯ ಕಂಪ್ಯೂಟರು ಏದುಸಿರು ಬಿಟ್ಟು ಕಂತೆಯನ್ನು ಇನ್ನೂ ದೊಡ್ಡದು ಮಾಡಿಕೊಂಡರೆ ಬೆರಳು ಮುಂದೆ, ನಾದ ಹಿಂದೆ. ಪೆಟ್ಟಿಗೆಯಲ್ಲಿ ಈ ತೊಂದರೆ ಬಹಳ ಕಡಮೆ. ವೇದಿಕೆಯ ಮೇಲೆ ನುಡಿಸುವವರಿಗೂ ಅದೇ ಸೂಕ್ತ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಎಷ್ಟೋ ಮಂದಿಗೆ ಕಂಪ್ಯೂಟರೇ ಇಲ್ಲ, ಇರುವುದು ಕೈಯಲ್ಲಿನ ಫೋನು. ಅಂಥವರಿಗೆ ಹೆಡ್‌ಫೋನಿನ ದ್ವಾರವೂ ಯು.ಎಸ್.ಬಿ.ಯೂ ಇರುವ, ಕೆಳದರ್ಜೆಯ ಬೆಲೆಯ ಒಂದು ಸಣ್ಣ ಮಾಡೆಲರ್ ಬೇಕೇ ಬೇಕು. ಅವರಿಗೆ ‘ಕೊಳ್ಳಬೇಡಿ’ ಎಂದು ಉಪದೇಶ ಮಾಡುವುದು ಹಸಿದವನಿಗೆ ಮಿತಾಹಾರ ಬೋಧಿಸಿದಂತೆ.

ಹಾಗೆ ಕೊಳ್ಳುವವರು ಅಂಗಡಿಗೆ ತಮ್ಮ ಗಿಟಾರನ್ನೇ ಒಯ್ಯಬೇಕು. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಸದ್ದೂ ಕಿವಿಗೆ ಒಂದೇ ಮಟ್ಟದಲ್ಲಿರುವಂತೆ ಮೊದಲು ಹೊಂದಿಸಿಕೊಳ್ಳಬೇಕು. ಕೊಂಚ ಗಟ್ಟಿಯಾದದ್ದೇ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಮಾರುವವರು ಇದನ್ನು ಅರಿಯದವರಲ್ಲ. ಸದ್ದು ಸಣ್ಣದಾದಾಗ ಕಿವಿಗೆ ಕೆಳಸ್ವರಗಳು ಕಡಮೆ ಕೇಳುತ್ತವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬವರು ೧೯೩೩ರಲ್ಲಿಯೇ ಪ್ರಕಟಿಸಿದ್ದಾರೆ. ಆದ್ದರಿಂದ ಮನೆಯಲ್ಲಿ ಎಷ್ಟು ಗಟ್ಟಿಯಾಗಿ ಕೇಳುತ್ತೀರೋ ಅಷ್ಟೇ ಮಟ್ಟದಲ್ಲಿ ಅಲ್ಲಿಯೂ ಕೇಳಬೇಕು. ಸ್ಪೀಕರಿನ ಅನುಕರಣೆಯೂ ಒಳಗಿದೆಯೇ ಎಂದು ವಿಚಾರಿಸಬೇಕು. ಗಿಟಾರಿನ ಸ್ಪೀಕರು ಮೇಲಿನ ಸ್ವರಾಂಶಗಳನ್ನು ಬಹುವಾಗಿ ತಗ್ಗಿಸುತ್ತದೆ. ಅದಿಲ್ಲದೆ ನೇರವಾಗಿ ಹೆಡ್‌ಫೋನಿಗೆ ಬಂದ ಒರಟು ನಾದ ಕಣಜದ ಗೂಡಿಗೆ ಕಿವಿಯೊಡ್ಡಿದಂತಿರುತ್ತದೆ. ಕಡೆಯದಾಗಿ, ಯು.ಎಸ್.ಬಿ.ಯ ಮೂಲಕ ಒಣ ಧ್ವನಿಯನ್ನು ಬೇರೆ ಕಾಲುವೆಯಲ್ಲಿ ಕೊಡುತ್ತದೆಯೇ ಎಂಬುದು. ಕೆಲವು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಅಂಗಡಿಯವರಿಗೆ ಈ ಪ್ರಶ್ನೆಯೇ ತಿಳಿಯದಿದ್ದರೆ ಕೈಪಿಡಿಯನ್ನು ಕೇಳಿ ಪಡೆದು, ದುಡ್ಡು ಕೊಡುವ ಮೊದಲು, ಅಲ್ಲಿಯೇ ನಿಂತು ಓದಿ ನೋಡಬೇಕು.