ಕ್ಯಾಲೆಂಡರಿನಲ್ಲಿ ಮಗುವಿನ ತಾರೀಖನ್ನೂ ಗುರುತು ಮಾಡಿ

ಆತ್ಮೀಯ ಹಾಲು ಉತ್ಪಾದಕ ಬಂಧುಗಳೇ,

ನಿಮ್ಮ ಮನೆಗೆ ಬಂದಾಗ ಹಸುವನ್ನು ನೋಡುವ ಮೊದಲೇ ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಗುತ್ತದೆ. ಕೃತಕ ಗರ್ಭಧಾರಣೆ ಮಾಡಿಸಿದ ದಿನಕ್ಕೆ ಪೆನ್ನಿನಲ್ಲಿ ಒಂದು ಸುತ್ತು. ಮತ್ತೆ ಬೆದೆಗೆ ಬಂತೇ ಎಂದು ನೋಡಲು ಇಪ್ಪತ್ತೊಂದನೇ ದಿನಕ್ಕೆ ಇನ್ನೊಂದು. ಮೂರು ತಿಂಗಳಿಗೆ ಗರ್ಭ ಪರೀಕ್ಷೆ, ಏಳು ತಿಂಗಳಿಗೆ ಹಾಲು ಬತ್ತಿಸುವ ಲೆಕ್ಕ. ಓದು ಬರೆಹ ಬಾರದ ತಾಯಂದಿರೂ ಈ ಲೆಕ್ಕದಲ್ಲಿ ಒಂದು ದಿನವೂ ತಪ್ಪುವುದಿಲ್ಲ. ಇಷ್ಟು ಚೆನ್ನಾಗಿ ದಿನ ಎಣಿಸಬಲ್ಲ ನಾವು, ನಾಯಿ ಕಚ್ಚಿದ ಮಗುವಿನ ವಿಷಯದಲ್ಲಿ ಮಾತ್ರ ಯಾಕೆ ಎಣಿಕೆ ಮರೆಯುತ್ತೇವೆ? ಈ ಪ್ರಶ್ನೆಯನ್ನು ನಾನು ನಿಮ್ಮನ್ನಷ್ಟೇ ಕೇಳುತ್ತಿಲ್ಲ, ನನ್ನನ್ನೂ ಕೇಳಿಕೊಳ್ಳುತ್ತಿದ್ದೇನೆ. ಯಾಕೆಂದರೆ ತಪ್ಪಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ತುರ್ತು ಕರೆ ಬಂತು. ಎಚ್‌ಎಫ್ ಮಿಶ್ರತಳಿ ಹಸು, ಎರಡನೇ ಕರು ಹಾಕಿ ಮೂರು ತಿಂಗಳು. ಎರಡು ದಿನದಿಂದ ಮೇವು ಮುಟ್ಟಿಲ್ಲ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ಧ್ವನಿ ಒಡೆದಂತೆ ಒಂದೇ ಸಮ ಕೂಗುತ್ತಿದೆ. "ಗಂಟಲಲ್ಲಿ ಜೋಳದ ದಂಟು ಸಿಕ್ಕಿರಬೇಕು ಡಾಕ್ಟ್ರೇ, ನಾನೇ ಕೈ ಹಾಕಿ ನೋಡಿದೆ, ಏನೂ ಸಿಗಲಿಲ್ಲ" ಎಂದರು ಯಜಮಾನರು. ಹಸು ನೀರಿನ ಬಾನಿಗೆ ಮೂತಿ ಇಡುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಹಿಂಗಾಲು ತೂರಾಡುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು, "ಇತ್ತೀಚೆಗೆ ನಾಯಿ ಏನಾದರೂ ಕಚ್ಚಿತ್ತೇ?" ಎಂದು ಕೇಳಿದೆ.

ಒಂದೂವರೆ ತಿಂಗಳ ಹಿಂದೆ ಬೀದಿ ನಾಯಿಯೊಂದು ಕೊಟ್ಟಿಗೆಗೆ ನುಗ್ಗಿತ್ತಂತೆ. ದೊಣ್ಣೆ ಹಿಡಿದು ಓಡಿಸಿದ್ದರಂತೆ. ಅಲ್ಲೇ ಜಗಲಿಯ ಮೇಲೆ ಕೂತಿದ್ದ ಅಜ್ಜಿ ಮೆಲ್ಲಗೆ ಹೇಳಿದರು: "ಅವತ್ತೇ ಮಗೀಗೂ ಬಾಯಿ ಹಾಕಿತ್ತಲ್ಲಪ್ಪ, ಮೀನಖಂಡಕ್ಕೆ."

ಮಗುವಿಗೆ ಆರು ವರ್ಷ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಗಾಯದ ಸುತ್ತ ಸೀರಮ್ಮೂ ಕೊಟ್ಟಿದ್ದರು, ಎರಡು ಸೂಜಿಯೂ ಆಗಿತ್ತು. ಮೂರನೆಯದಕ್ಕೆ ಹೋಗಿರಲಿಲ್ಲ. ರಾಗಿ ಕೊಯ್ಲು ಬಂತು, ತಾಯಿ ತವರಿಗೆ ಬಾಣಂತಿ ನೋಡಲು ಹೋದರು, "ಗಾಯ ಹೇಗೂ ಒಣಗಿತ್ತಲ್ಲ" ಎಂದರು. ಲಸಿಕೆಯ ಚೀಟಿ ಎಲ್ಲಿದೆ ಎಂದು ಕೇಳಿದಾಗ ಸಿಕ್ಕಿದ್ದು ಡೇರಿಯ ಪಾಸ್‌ಬುಕ್ಕಿನ ನಡುವೆ, ನಾಲ್ಕು ಮಡಿಕೆಯಾಗಿ. ಪಾಸ್‌ಬುಕ್ಕನ್ನು ದಿನಕ್ಕೆರಡು ಸಲ ತೆಗೆಯುತ್ತಿದ್ದರು. ಚೀಟಿಯನ್ನು ಯಾರೂ ಬಿಚ್ಚಿರಲಿಲ್ಲ.

ಇನ್ನು ನನ್ನ ತಪ್ಪು. ನಾಯಿ ಕಚ್ಚಿ ವಾರವಾಗಿದ್ದಾಗ ನಾನು ಅದೇ ಮನೆಗೆ ಕರುವಿಗೆ ಜಂತುನಾಶಕ ಕೊಡಲು ಹೋಗಿದ್ದೆ. ಹುಡುಗನ ಕಾಲಿನ ಪಟ್ಟಿ ಕಂಡಿದ್ದೆ. ಸೈಕಲ್‌ನಿಂದ ಬಿದ್ದಿರಬೇಕು ಅಂದುಕೊಂಡು, ಕರುವಿನ ತೂಕ ಅಂದಾಜು ಮಾಡಿ, ಔಷಧಿ ಕೊಟ್ಟು ಹೊರಟೆ. "ಏನಾಯ್ತು ಮರಿ?" ಎಂಬ ಎರಡು ಪದ ಕೇಳಿದ್ದರೆ ಮೂರನೇ ಸೂಜಿ ತಪ್ಪುತ್ತಿರಲಿಲ್ಲ.

ಹಸು ನಾಲ್ಕನೇ ದಿನ ಸತ್ತಿತು. ಪ್ರಯೋಗಾಲಯದ ವರದಿ ಬಂತು, ರೇಬೀಸ್. ಅನುಮಾನ ಬಂದ ರಾತ್ರಿಯೇ ಹುಡುಗನನ್ನೂ, ಹಸುವಿನ ಬಾಯಿಗೆ ಕೈ ಹಾಕಿದ್ದ ತಂದೆಯನ್ನೂ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಬಿಟ್ಟುಹೋದ ಸೂಜಿಗಳನ್ನು ಮುಂದುವರಿಸಿದರು. ಮುಂದಿನ ಕೆಲವು ತಿಂಗಳು ಆ ಮನೆಯಿಂದ ಫೋನ್ ಬಂದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹುಡುಗ ಈಗ ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಾನೆ. ಆದರೆ ಅವನು ಉಳಿದದ್ದಕ್ಕೆ ನಮ್ಮ ಜಾಗರೂಕತೆ ಕಾರಣ ಎಂದು ಹೇಳುವ ಧೈರ್ಯ ನನಗಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಒಂದೇ. ನಾಯಿ ಕಚ್ಚಿದ ಮೊದಲ ದಿನ ನಮ್ಮ ಹಳ್ಳಿಗಳಲ್ಲಿ ಗಾಬರಿಯೂ ಇದೆ, ಓಡಾಟವೂ ಇದೆ. ನಾವು ಸೋಲುತ್ತಿರುವುದು ಆಮೇಲಿನ ದಿನಗಳಲ್ಲಿ. ಗಾಯ ಒಣಗುವುದಕ್ಕೂ ಅಪಾಯ ಮುಗಿಯುವುದಕ್ಕೂ ಸಂಬಂಧವಿಲ್ಲ. ವೈರಾಣು ನರದ ದಾರಿ ಹಿಡಿದು ನಿಧಾನವಾಗಿ ಮೆದುಳಿನ ಕಡೆಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ವಾರದಲ್ಲೇ, ಅಪರೂಪಕ್ಕೆ ವರ್ಷ ಕಳೆದ ಮೇಲೂ ರೋಗ ಕಾಣಿಸಿಕೊಳ್ಳುತ್ತದೆ. ಮುಖ, ತಲೆ, ಕೈಬೆರಳಿಗೆ ಕಚ್ಚಿದರೆ ಬೇಗ. ಮಕ್ಕಳು ಗಿಡ್ಡ, ನಾಯಿಯ ಬಾಯಿ ಅವರ ಮುಖಕ್ಕೇ ಎಟುಕುತ್ತದೆ. ಲಕ್ಷಣ ಶುರುವಾದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಅದಕ್ಕೆ ಮುಂಚೆ ಚಿಕಿತ್ಸೆ ಸರಿಯಾಗಿ ಆದರೆ ಸಾಯಬೇಕಾದ ಕಾರಣವೇ ಇಲ್ಲ. 1885ರ ಜುಲೈನಲ್ಲಿ ಲೂಯಿ ಪಾಶ್ಚರ್ ಮೊದಲು ಲಸಿಕೆ ಕೊಟ್ಟಿದ್ದು ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೇ. ಅವನು ಬದುಕಿದ.

ಮಾಡಬೇಕಾದ್ದನ್ನು ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ.

ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷ ಅಂದರೆ ಎರಡು ಹಸು ಕರೆಯುವಷ್ಟು ಹೊತ್ತು. ಮಗು ಅಳುತ್ತದೆ, ನೀವು ಎರಡೇ ನಿಮಿಷಕ್ಕೆ ನಿಲ್ಲಿಸುತ್ತೀರಿ. ನಿಲ್ಲಿಸಬೇಡಿ. ಸುಣ್ಣ, ಖಾರದ ಪುಡಿ, ಅರಿಶಿನ, ಕಾಫಿ ಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಬಟ್ಟೆ ಬಿಗಿದು ಕಟ್ಟುವುದೂ ಬೇಡ.

ಆಮೇಲೆ ಅದೇ ದಿನ ಆಸ್ಪತ್ರೆಗೆ. ರಕ್ತ ಬಂದಿದ್ದರೆ, ಅಥವಾ ತೆರೆದ ಗಾಯವನ್ನು, ಬಾಯಿ ಕಣ್ಣನ್ನು ನಾಯಿ ನೆಕ್ಕಿದ್ದರೆ ಲಸಿಕೆಯೊಂದೇ ಸಾಲದು. ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಂ ಕೊಡಬೇಕು. ಲಸಿಕೆ ಕೆಲಸ ಶುರು ಮಾಡುವತನಕ ಕಾವಲು ಕಾಯುವುದು ಅದೇ. "ಸೀರಂ ಬೇಕಾ ಡಾಕ್ಟ್ರೇ?" ಎಂದು ನೀವೇ ಬಾಯಿ ಬಿಟ್ಟು ಕೇಳಿ. ರಕ್ತ ಬಾರದ ಉಗುರಿನ ಗೀರಿಗೂ ಲಸಿಕೆ ಬೇಕು. ಕಚ್ಚಿ ವಾರಗಳೇ ಕಳೆದಿದ್ದರೂ "ಇನ್ನೇನು ಪ್ರಯೋಜನ" ಎಂದು ಮನೆಯಲ್ಲಿ ಕೂರಬೇಡಿ, ಅವತ್ತೇ ಹೊರಡಿ.

ಹಿರಿಯರಿಗೆ ಇನ್ನೂ ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿಯ ಭಯವಿದೆ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಈಗ ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ. ಚರ್ಮಕ್ಕೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ ಇದರ ಜೊತೆಗೆ 14ನೇ ದಿನವೂ ಸೇರುತ್ತದೆ. ಮೊದಲ ಸೂಜಿ ಬಿದ್ದ ದಿನವೇ ಸೊನ್ನೆಯ ದಿನ. ಒಂದನೇ ತಾರೀಖು ಮೊದಲನೆಯದಾದರೆ ಮುಂದಿನವು 4, 8, 29. ಈ ಲಸಿಕೆಗೆ ಪಥ್ಯವಿಲ್ಲ. ಮಗುವಿಗೆ ಮೊಟ್ಟೆ, ಮೊಸರು, ಹಾಲು ಎಲ್ಲ ಕೊಡಿ.

ನಾಯಿಯನ್ನು ಹೊಡೆದು ಕೊಲ್ಲಬೇಡಿ. ಸಿಟ್ಟು ಬರುವುದು ಸಹಜ, ಆದರೆ ಕೊಂದರೆ ನಮಗೆ ಸಿಗಬೇಕಾದ ಸುಳಿವೂ ಸಾಯುತ್ತದೆ. ಕಚ್ಚಿದ ನಾಯಿಯನ್ನು ದೂರದಿಂದ ಹತ್ತು ದಿನ ಗಮನಿಸಿ. ಸತ್ತರೆ, ಕಾಣೆಯಾದರೆ, ನಡವಳಿಕೆ ಬದಲಾದರೆ ವೈದ್ಯರಿಗೂ ನಮಗೂ ತಿಳಿಸಿ. ಹತ್ತು ದಿನ ನೋಡಿ ಆಮೇಲೆ ಸೂಜಿ ಹಾಕಿಸೋಣ ಎಂಬುದು ಮಾತ್ರ ತಪ್ಪು. ಸೂಜಿ ಮೊದಲು, ನಾಯಿ ನೋಡುವುದು ಜೊತೆಜೊತೆಗೆ. ನಾಯಿ ಚೆನ್ನಾಗಿದ್ದರೆ ಮುಂದಿನ ಸೂಜಿ ಬೇಕೋ ಬೇಡವೋ ಎಂದು ವೈದ್ಯರು ಹೇಳಲಿ. ಮನೆ ನಾಯಿ, ಲಸಿಕೆ ಆಗಿದೆ ಎಂದರೂ ಮಾತು ಇದೇ.

ಅದೇ ನಾಯಿ ದನಕ್ಕೂ ಬಾಯಿ ಹಾಕಿರಬಹುದು. ಕಚ್ಚಿಸಿಕೊಂಡ ಹಸುವಿಗೂ ಗಾಯ ತೊಳೆದು 0, 3, 7, 14, 28ನೇ ದಿನ ಲಸಿಕೆ ಹಾಕಿಸಬೇಕು. ಜೊಲ್ಲು ಸುರಿಸುತ್ತಾ ನುಂಗಲಾರದ ಹಸುವಿನ ಬಾಯಿಗೆ ಬರಿಗೈ ಹಾಕಬೇಡಿ, ನಮ್ಮನ್ನು ಕರೆಯಿರಿ. ಅನುಮಾನವಿರುವ ಹಸುವಿನ ಹಾಲನ್ನು ಕ್ಯಾನಿಗೆ ಸುರಿಯಬೇಡಿ, ಮನೆಯಲ್ಲೂ ಬಳಸಬೇಡಿ. ಕುದಿಸಿದ ಹಾಲಿನಿಂದ ರೇಬೀಸ್ ಬರುವುದಿಲ್ಲ, ಹಿಂದೆ ಕುಡಿದಿದ್ದರೆ ಹೆದರಬೇಕಿಲ್ಲ. ಹಸಿ ಹಾಲು ಕುಡಿದಿದ್ದರೆ ವೈದ್ಯರಿಗೆ ತಿಳಿಸಿ. ಮುಚ್ಚಿಡಬೇಡಿ, ಅಷ್ಟೇ.

ಇನ್ನು ಮಗುವಿನ ಮನಸ್ಸು. ಆ ಹುಡುಗ ಕಚ್ಚಿದ ದಿನ ಮೊದಲು ಹೇಳಿರಲೇ ಇಲ್ಲ. ಅಜ್ಜಿ ಚಡ್ಡಿ ಬದಲಿಸುವಾಗ ರಕ್ತ ನೋಡಿದ್ದು. "ಯಾಕೋ ಹೇಳಲಿಲ್ಲ?" ಎಂದರೆ, "ಅಪ್ಪ ಬಯ್ತಾರೆ" ಎಂದನಂತೆ. ನಾಯಿಯ ತಂಟೆಗೆ ಹೋಗಬೇಡ ಎಂದು ಮೊದಲೇ ಏಟು ತಿಂದಿದ್ದ. ದಯವಿಟ್ಟು ಯೋಚಿಸಿ: ನಮ್ಮ ಬೈಗುಳಕ್ಕೆ ಹೆದರಿ ಮಗು ಗಾಯ ಮುಚ್ಚಿಟ್ಟರೆ ಆ ಬೈಗುಳವೇ ಪ್ರಾಣಕ್ಕೆ ಕುತ್ತು. "ನಾಯಿ ತರಚಿದರೂ, ನೆಕ್ಕಿದರೂ ಬಂದು ಹೇಳು, ನಾವು ಬಯ್ಯುವುದಿಲ್ಲ" ಎಂದು ಇವತ್ತೇ ಮಕ್ಕಳಿಗೆ ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ.

ಶಾಲೆಯಲ್ಲಿ ಅವನನ್ನು "ಇನ್ಮೇಲೆ ನೀನೂ ಬೊಗಳ್ತೀಯ" ಎಂದು ಆಡಿಕೊಂಡರಂತೆ. ರಾತ್ರಿ ಬೆಚ್ಚಿ ಏಳುತ್ತಿದ್ದ. ಕೊಟ್ಟಿಗೆಯ ಕಡೆ ಬರುವುದನ್ನೇ ಬಿಟ್ಟಿದ್ದ. ಇಂಥ ಮಗುವಿಗೆ ಊಟ ಮಾಡಿಸಲು "ನಾಯಿ ಬಂತು ನೋಡು" ಎಂದು ಹೆದರಿಸುವ ಅಭ್ಯಾಸ ಬಿಡಬೇಕು. ಮೇಷ್ಟ್ರಿಗೆ ಒಂದು ಮಾತು ತಿಳಿಸಿ. ಮತ್ತೆ ನಾಯಿಯ ಹತ್ತಿರ ಹೋಗೆಂದು ಬಲವಂತ ಬೇಡ. ಆ ಹುಡುಗ ಮೊದಲು ಕರುವಿಗೆ ಹುಲ್ಲು ಕೊಡಲು ಬಂದ, ಅಪ್ಪನ ಕೈ ಹಿಡಿದು. ಅಷ್ಟಾಗಲು ಮೂರು ತಿಂಗಳು ಹಿಡಿಯಿತು.

ಕೊನೆಗೆ ನನ್ನ ಬೇಡಿಕೆ, ಅದು ಸಂಘಗಳಿಗೆ. ಸೂಜಿಯ ತಾರೀಖನ್ನು ನೆನಪಿಸುವ ಕೆಲಸ ಹಾಲು ಉತ್ಪಾದಕರ ಸಂಘದ್ದೂ ಆಗಲಿ. "ಕಾರ್ಯದರ್ಶಿಗೆ ಫ್ಯಾಟು, ಎಸ್‌ಎನ್‌ಎಫ್, ಬಟವಾಡೆ, ಪಶು ಆಹಾರದ ಲೆಕ್ಕವೇ ಸಾಕಾಗಿದೆ, ಆಶಾ ಕಾರ್ಯಕರ್ತೆಯರು ಇದ್ದಾರಲ್ಲ" ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಆಶಾ ಅಕ್ಕ ದಿನವೂ ನಿಮ್ಮ ಮನೆಗೆ ಬರಲಾಗದು. ಡೇರಿಗೆ ನೀವು ಬೆಳಿಗ್ಗೆ ಸಂಜೆ ಬರುತ್ತೀರಿ. ಇಪ್ಪತ್ತೆಂಟು ದಿನದಲ್ಲಿ ಐವತ್ತಾರು ಸಲ. ನಮ್ಮ ಊರುಗಳಲ್ಲಿ ಇಷ್ಟು ಸಲ ಮುಖ ನೋಡುವ ಜಾಗ ಇನ್ನೊಂದಿಲ್ಲ. ದೊಡ್ಡ ದಾಖಲೆ ಪುಸ್ತಕ ಬೇಡ. ಹಾಲು ಹಾಕುವವರ ಮನೆಯಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ, ಅವರು ಒಪ್ಪಿದರೆ, ಸದಸ್ಯರ ಸಂಖ್ಯೆಯ ಮುಂದೆ ಉಳಿದ ಮೂರು ತಾರೀಖು ಬರೆದುಕೊಂಡರೆ ಸಾಕು. "ನಾಳೆ ಸೂಜಿ ಐತೆ, ನೆನಪಿದೆಯಾ?" ಎಂದು ಹಾಲು ಅಳೆಯುವಾಗ ಒಂದು ಮಾತು. ಅವತ್ತು ಬೆಳಿಗ್ಗೆ ಅವರ ಕ್ಯಾನನ್ನು ಪಕ್ಕದ ಮನೆಯವರು ತಂದುಹಾಕಲಿ. ಸಹಕಾರ ಅಂದರೆ ಇದೇ ಅಲ್ಲವೇ?

ಎರಡನೆಯದು ನಾಯಿಗಳಿಗೆ ಲಸಿಕೆ. ಕೊಟ್ಟಿಗೆ ಕಾಯುವ ನಾಯಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಬೀದಿ ನಾಯಿಗಳನ್ನು ಬೇರೆ ಊರಿಗೆ ಬಿಟ್ಟು ಬಂದರೆ ಆ ಜಾಗಕ್ಕೆ ಲಸಿಕೆ ಇಲ್ಲದ ಹೊಸ ನಾಯಿಗಳು ಬರುತ್ತವೆ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಆದರೆ ರೋಗದ ಸರಪಳಿ ತುಂಡಾಗುತ್ತದೆ. ದೇಶವೂ 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ತೊಲಗಿಸುವ ಗುರಿ ಇಟ್ಟುಕೊಂಡಿದೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದಕ್ಕೆ ಮುಂಚೆಯೇ ನಿಮ್ಮ ಸಂಘದ ವಾರ್ಷಿಕ ಸಾಮಾನ್ಯ ಸಭೆ ಬರುತ್ತದೆ. ಬೋನಸ್, ದರದ ಚರ್ಚೆಯ ಜೊತೆಗೆ "ಸಂಘದ ಅಂಗಳದಲ್ಲಿ ವರ್ಷಕ್ಕೊಂದು ನಾಯಿ ಲಸಿಕೆ ಶಿಬಿರ" ಎಂಬ ವಿಷಯವನ್ನೂ ಎತ್ತಿ. ಪಶುಪಾಲನಾ ಇಲಾಖೆಯನ್ನೂ ಪಂಚಾಯಿತಿಯನ್ನೂ ಕೇಳೋಣ. ಸೂಜಿ ಹಿಡಿದು ನಾನು ಬರುತ್ತೇನೆ.

ನಾನು ದನದ ಡಾಕ್ಟರ್, ಮಕ್ಕಳ ಡಾಕ್ಟರ್ ಅಲ್ಲ. ಆದರೂ ಈಗ ಯಾರ ಮನೆಯ ಕೊಟ್ಟಿಗೆಗೆ ಹೋದರೂ, ಮಗುವಿನ ಮೈಮೇಲೆ ಪಟ್ಟಿ ಕಂಡರೆ ಹಸು ನೋಡುವ ಮೊದಲೇ ಕೇಳುತ್ತೇನೆ, "ಏನಾಯ್ತು ಮರಿ?" ನೀವೂ ಕೇಳಿ. ಉತ್ತರ ನಾಯಿ ಎಂದಾದರೆ, ಪೆನ್ನು ತೆಗೆದುಕೊಂಡು ಹಸುವಿನ ತಾರೀಖಿನ ಪಕ್ಕದಲ್ಲೇ ಮಗುವಿನ ತಾರೀಖಿಗೂ ಒಂದು ಸುತ್ತು ಹಾಕಿ.

ಇಂತಿ ನಿಮ್ಮ,
ಪಶು ವೈದ್ಯಾಧಿಕಾರಿ